ಕಾಸರಗೋಡು ಪೇಟೆಯ ಸುತ್ತ ಮೌಂಟನ್ ಬೈಕಿಗೆ ಹೊಸ ದಾರಿ ಹುಡುಕುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಕಾಸರಗೋಡು, ಕುಂಬಳೆ, ಬದಿಯಡ್ಕ, ಮುಳ್ಳೇರಿಯ ಕಡೆಯ ಸವಾರರು ಮಾತಿನಲ್ಲೂ ಪತ್ರದಲ್ಲೂ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಅವರದೇ ಮಾತಿನಲ್ಲಿ ಇಲ್ಲಿ ಸೇರಿಸಲಾಗಿದೆ. ಸಿದ್ಧ ದಾರಿಗಳ ಪಟ್ಟಿಯನ್ನು ನಿರೀಕ್ಷಿಸುವವರಿಗೆ ಸ್ವಲ್ಪ ನಿರಾಸೆಯಾದೀತು. ಇಲ್ಲಿನ ಬಹುತೇಕ ದಾರಿಗಳು ಯಾರದಾದರೂ ಹಿತ್ತಿಲು, ತೋಟ, ಗುಡ್ಡೆಯ ಮೂಲಕ ಹಾಯುವುದರಿಂದ ಅವುಗಳ ಗುರುತನ್ನು ಊರಿಗೆಲ್ಲ ಸಾರುವ ಹಕ್ಕು ಸವಾರನಿಗಿಲ್ಲ. ಹುಡುಕುವ ಕ್ರಮವನ್ನು ಮಾತ್ರ ಧಾರಾಳವಾಗಿ ಹೇಳಬಹುದು.

## ಆರಂಭದ ಪ್ರಶ್ನೆಗಳು

ನಮ್ಮ ಕಾಸರಗೋಡಿನಲ್ಲಿ ಹೇಳಿಕೊಳ್ಳುವಂಥ ಬೆಟ್ಟವೇ ಇಲ್ಲವಲ್ಲ, ಮೌಂಟನ್ ಬೈಕ್ ತೆಗೆದುಕೊಂಡು ಏನು ಮಾಡುವುದು?

ಎತ್ತರ ಬೇಕೇಬೇಕೆನ್ನುವವರಿಗೆ ಧರ್ಮತ್ತಡ್ಕದ ಹತ್ತಿರ ಸುಮಾರು 1000 ಅಡಿಯ ಪೊಸಡಿಗುಂಪೆ ಇದೆ. ಆದರೆ ಈ ಸೈಕಲಿಗೆ ಮುಖ್ಯವಾಗಿ ಬೇಕಾದದ್ದು ಏರಿಳಿತ ಮತ್ತು ಡಾಮರು ಕಾಣದ ನೆಲ, ಮತ್ತು ಇವೆರಡಕ್ಕೂ ನಮ್ಮ ಜಿಲ್ಲೆಯಲ್ಲಿ ಕೊರತೆಯಿಲ್ಲ. ಹನ್ನೆರಡು ನದಿಗಳು ಪೂರ್ವದಿಂದ ಪಶ್ಚಿಮಕ್ಕೆ ಹರಿದು ಕೆಂಪುಕಲ್ಲಿನ ನೆಲವನ್ನು ಸೀಳಿರುವುದರಿಂದ, ಎರಡು ನದಿಗಳ ನಡುವೆ ಒಂದು ಪದವು (ಮೇಲೆ ಸಮತಟ್ಟಾದ ಗುಡ್ಡೆ), ಪದವಿನ ಅಂಚಿನಿಂದ ಕೆಳಗೆ ಬೈಲು (ತಗ್ಗಿನ ಗದ್ದೆ, ತೋಟಗಳ ನೆಲ), ಬೈಲಿನಾಚೆ ಮತ್ತೆ ಗುಡ್ಡೆ, ಹೀಗೆ ಸಮುದ್ರದಿಂದ ಘಟ್ಟದ ಬುಡದವರೆಗೂ ನೆಲ ಏರಿಳಿಯುತ್ತಲೇ ಹೋಗುತ್ತದೆ. ಒಂದೊಂದು ಗುಡ್ಡೆಯ ಏರು ಚಿಕ್ಕದಾದರೂ ಬೆಳಗ್ಗಿನ ಹೊತ್ತಿನಲ್ಲಿ ಅಂಥ ಐದಾರು ಏರುಗಳನ್ನು ಪೋಣಿಸಿಕೊಂಡರೆ ಕಾಲಿಗೆ ಸಾಕಷ್ಟು ಕೆಲಸವಾಗುತ್ತದೆ. ಈ ಆಟದ ಮೂಲಗಳಲ್ಲಿ ಒಂದಾದ ಕ್ಯಾಲಿಫೋರ್ನಿಯದ ಮರಿನ್ ಕೌಂಟಿಯಲ್ಲಿ 1976ರಲ್ಲಿ ರಿಪ್ಯಾಕ್ ಎಂಬ ಇಳಿಜಾರಿನ ಸೈಕಲ್ ಸ್ಪರ್ಧೆ ಮೊದಲ ಸಲ ನಡೆದದ್ದೂ ಕಾಡ್ಗಿಚ್ಚು ಆರಿಸುವವರಿಗಾಗಿ ಮಾಡಿದ್ದ ಮಣ್ಣಿನ ರಸ್ತೆಯ ಮೇಲೆಯೇ.

ಯಾವ ಸೈಕಲ್ ಬೇಕು? ದುಬಾರಿಯದ್ದೇ ಆಗಬೇಕೇ?

ಬೇಡ. ಮುಂದೆ ಮಾತ್ರ ಸಸ್ಪೆನ್ಷನ್ ಇರುವ, 100ರಿಂದ 120 ಮಿ.ಮೀ. ಕುಸಿಯುವ ಫೋರ್ಕಿನ, ಡಿಸ್ಕ್ ಬ್ರೇಕಿನ ಸಾಧಾರಣ ಸೈಕಲ್ ಇಲ್ಲಿನ ನೆಲಕ್ಕೆ ಸಾಕು. ಹಣವಿದ್ದರೆ ಅದನ್ನು ಟಯರಿಗೆ ಹಾಕಿ: 2.2 ಇಂಚಿಗಿಂತ ಕಡಿಮೆ ಅಗಲದ ಟಯರು ಸಡಿಲ ಕೆಂಪುಜಲ್ಲಿಯ ಮೇಲೆ ಹಿಡಿತ ಕೊಡುವುದಿಲ್ಲ. ಚೂರಿಮುಳ್ಳಿನ ಪೊದೆಗಳು ದಾರಿಯುದ್ದಕ್ಕೂ ಇರುವುದರಿಂದ ಟ್ಯೂಬಿಲ್ಲದ ಟಯರಿಗೆ ಸೀಲೆಂಟ್ (ತೂತು ಮುಚ್ಚುವ ದ್ರವ) ಹಾಕಿಸಿಕೊಂಡರೆ ಪಂಕ್ಚರಿನ ಕಾಟ ಬಹಳಷ್ಟು ತಪ್ಪುತ್ತದೆ. ಮಧ್ಯಮ ತೂಕದ ಸವಾರ ಅಂಥ ಟಯರಿನಲ್ಲಿ 22ರಿಂದ 28 ಪಿಎಸ್‌ಐ ಗಾಳಿಯೊಂದಿಗೆ ಆರಂಭಿಸಿ, ತನಗೆ ಹೊಂದುವಂತೆ ಬದಲಿಸಿಕೊಳ್ಳಬಹುದು. ರಸ್ತೆಯ ಸೈಕಲಿನಂತೆ ಕಲ್ಲಾಗುವಷ್ಟು ಗಾಳಿ ತುಂಬಿಕೊಂಡು ಬಂದು, ಪಾರೆಯ (ಬರಿ ಕಲ್ಲುಹಾಸಿನ) ಮೇಲೆ ಸೈಕಲು ಕುಪ್ಪಳಿಸುತ್ತದೆ ಎಂದು ದೂರುವವರೇ ಹೆಚ್ಚು.

ಒಬ್ಬನೇ ಹೋಗಬಹುದೇ?

ಗೊತ್ತಿರುವ ದಾರಿಗೆ ಹೋಗಬಹುದು. ಹೊಸ ದಾರಿ ನೋಡಲು ಬೇಡ. ಇಬ್ಬರಿದ್ದರೆ ಒಬ್ಬ ಬಿದ್ದಾಗ ಇನ್ನೊಬ್ಬ ಗುಡ್ಡೆ ಹತ್ತಿ ಮೊಬೈಲಿಗೆ ಸಿಗ್ನಲ್ ಹುಡುಕಬಹುದು. ಚಂದ್ರಗಿರಿ ಹೊಳೆಯ ಬದಿಯ ತಗ್ಗುಗಳಲ್ಲಿ ಸಿಗ್ನಲ್ ಸಿಗದಿರುವುದು ಸಾಮಾನ್ಯ. ಹೊರಡುವ ಮೊದಲು ಹೋಗುವ ದಿಕ್ಕನ್ನೂ ಹಿಂತಿರುಗುವ ಹೊತ್ತನ್ನೂ ಮನೆಯಲ್ಲಿ ಹೇಳಿ ಹೋಗಬೇಕು.

## ಹುಡುಕುವ ಕೆಲಸ

ಗೂಗಲ್ ಮ್ಯಾಪಿನಲ್ಲಿ ಕಾಲುದಾರಿಯೇ ಕಾಣುವುದಿಲ್ಲ. ಮತ್ತೆಲ್ಲಿ ನೋಡಬೇಕು?

ರಸ್ತೆಯ ನಕ್ಷೆಯನ್ನು ಬಿಟ್ಟು ಉಪಗ್ರಹದ ಚಿತ್ರವನ್ನು ನೋಡಬೇಕು, ಅದರಲ್ಲೂ ಯಾವ ತಿಂಗಳ ಚಿತ್ರ ಎಂಬುದನ್ನು ಗಮನಿಸಬೇಕು. ಗೂಗಲ್ ಅರ್ತ್‌ನಲ್ಲಿ ಹಿಂದಿನ ವರ್ಷಗಳ ಚಿತ್ರಗಳನ್ನೂ ತೆರೆಯಬಹುದು. ಮಳೆ ಮುಗಿದ ಹೊಸತರಲ್ಲಿ ತೆಗೆದ ಚಿತ್ರದಲ್ಲಿ ಎಲ್ಲವೂ ಹಸಿರಾಗಿ ಏನೂ ತಿಳಿಯುವುದಿಲ್ಲ. ಫೆಬ್ರವರಿ, ಮಾರ್ಚಿನ ಚಿತ್ರದಲ್ಲಾದರೆ ಮುಳಿಹುಲ್ಲು ಒಣಗಿ, ಜನ ನಡೆದು ಸವೆದ ದಾರಿ ಸಣ್ಣ ಕೆಂಪು ಗೆರೆಯಾಗಿ ಎದ್ದು ಕಾಣುತ್ತದೆ. ಹಳೆಯ ಚಿತ್ರದಲ್ಲಿದ್ದ ಗೆರೆ ಹೊಸ ಚಿತ್ರದಲ್ಲಿ ಮಾಯವಾಗಿದ್ದರೆ ಅಲ್ಲಿ ಮನೆ, ಕೋರೆ (ಕಲ್ಲು ಕಡಿಯುವ ಗಣಿ) ಅಥವಾ ಬೇಲಿ ಬಂದಿರುವ ಸಾಧ್ಯತೆ ಹೆಚ್ಚು.

ಎರಡನೆಯದು, 2004ರಲ್ಲಿ ಆರಂಭವಾದ ಓಪನ್‌ಸ್ಟ್ರೀಟ್‌ಮ್ಯಾಪ್. ಯಾರು ಬೇಕಾದರೂ ತಿದ್ದಬಹುದಾದ ಈ ನಕ್ಷೆಯಲ್ಲಿ ತೋಟದ ಮಣ್ಣು ರಸ್ತೆಗಳನ್ನೂ ಕಾಲುದಾರಿಗಳನ್ನೂ ಬೇರೆ ಬೇರೆ ಗೆರೆಗಳಲ್ಲಿ ತೋರಿಸುತ್ತಾರೆ. ಓಸ್ಮ್‌ಆ್ಯಂಡ್, ಆರ್ಗ್ಯಾನಿಕ್ ಮ್ಯಾಪ್ಸ್‌ನಂಥ ಆ್ಯಪ್‌ಗಳಲ್ಲಿ ಇಳಿಸಿಟ್ಟುಕೊಂಡರೆ ಸಿಗ್ನಲ್ ಇಲ್ಲದೆಯೂ ನೋಡಬಹುದು. ಸವಾರಿಗಳನ್ನು ದಾಖಲಿಸುವ ಆ್ಯಪ್ ಆದ ಸ್ಟ್ರಾವಾದ ಹೀಟ್‌ಮ್ಯಾಪನ್ನು ಇಲ್ಲಿ ಅಷ್ಟಾಗಿ ನೆಚ್ಚಿಕೊಳ್ಳಬಾರದು. ಆ ಆ್ಯಪ್ ಇರುವವರು ಓಡಾಡಿದ ಕಡೆ ಮಾತ್ರ ಅದು ಬೆಳಗುತ್ತದೆ, ಮತ್ತು ನಮ್ಮ ಕಡೆ ಹಾಗೆ ಬೆಳಗುವುದು ಹೆಚ್ಚಾಗಿ ಡಾಮರು ರಸ್ತೆಯೇ.

ಮೂರನೆಯದನ್ನು ಹೆಚ್ಚಿನವರು ಮರೆಯುತ್ತಾರೆ: 1767ರಲ್ಲಿ ಸ್ಥಾಪನೆಯಾದ ಸರ್ವೇ ಆಫ್ ಇಂಡಿಯಾದ 1:50,000 ಅಳತೆಯ ಭೂಪಟಗಳು. ಇವುಗಳಲ್ಲಿ ಗುಡ್ಡೆಯ ಆಕಾರ, ತೋಡು (ಸಣ್ಣ ಹಳ್ಳ), ಹಳೆಯ ಬಂಡಿದಾರಿ, ಕಾಲುದಾರಿಗಳೆಲ್ಲ ಗುರುತಾಗಿರುತ್ತವೆ. ಗುರುತಾದ ದಾರಿಗಳಲ್ಲಿ ಎಷ್ಟೋ ಈಗ ಕಾಂಕ್ರೀಟ್ ರಸ್ತೆಗಳಾಗಿವೆ. ಉಳಿದವನ್ನು ಉಪಗ್ರಹದ ಚಿತ್ರದ ಪಕ್ಕದಲ್ಲಿಟ್ಟು ಹೋಲಿಸುವುದರಲ್ಲೇ ಅರ್ಧ ಶೋಧ ಮುಗಿಯುತ್ತದೆ.

ನಕ್ಷೆಯಲ್ಲಿ ಗೆರೆ ಸಿಕ್ಕಿತು. ಅದರಲ್ಲಿ ಸೈಕಲ್ ತುಳಿಯಲು ಆಗುತ್ತದೋ ಇಲ್ಲವೋ ಎಂದು ಮನೆಯಲ್ಲೇ ಕುಳಿತು ತಿಳಿಯಬಹುದೇ?

ಬಹುಮಟ್ಟಿಗೆ ತಿಳಿಯಬಹುದು. 1:50,000 ಭೂಪಟದಲ್ಲಿ ಒಂದು ಸೆಂಟಿಮೀಟರ್ ಎಂದರೆ ನೆಲದ ಮೇಲೆ 500 ಮೀಟರ್, ಎರಡು ಸಮೋನ್ನತಿ ರೇಖೆಗಳ (ಒಂದೇ ಎತ್ತರದ ಜಾಗಗಳನ್ನು ಸೇರಿಸುವ ಗೆರೆಗಳ) ನಡುವಿನ ಎತ್ತರ 20 ಮೀಟರ್. ನಿಮ್ಮ ದಾರಿ ಒಂದು ಸೆಂಟಿಮೀಟರ್ ಉದ್ದದಲ್ಲಿ 40 ಮೀಟರ್ ಏರಿದರೆ ಏರು ನೂರಕ್ಕೆ 8. ಇದನ್ನು ಅಭ್ಯಾಸವಿದ್ದವರು ತುಳಿದೇ ಹತ್ತುತ್ತಾರೆ. ಅಷ್ಟೇ ಉದ್ದದಲ್ಲಿ 100 ಮೀಟರ್ ಏರಿದರೆ ನೂರಕ್ಕೆ 20, ಅಂದರೆ ಸಡಿಲ ಜಲ್ಲಿಯ ಮೇಲೆ ಹೆಚ್ಚಿನವರು ಸೈಕಲನ್ನು ತಳ್ಳಿಕೊಂಡೇ ಹೋಗಬೇಕು. ಆದರೆ 20 ಮೀಟರಿಗಿಂತ ಕಡಿಮೆಯ ಏರುಪೇರನ್ನು ಈ ರೇಖೆಗಳು ತೋರಿಸದೆಯೂ ಇರಬಹುದು, ಮತ್ತು ನಮ್ಮ ಪದವುಗಳ ಅಂಚಿನಲ್ಲಿ ಇರುವುದು ಬಹಳ ಸಲ ಅಂಥ ಹತ್ತು ಹದಿನೈದು ಮೀಟರಿನ ಕಡಿದಾದ ಇಳಿತವೇ. ಆದ್ದರಿಂದ ಮೊದಲ ಸಲ ಅಂಚಿನ ಇಳಿತವನ್ನು ನಡೆದೇ ನೋಡಬೇಕು.

ಪೇಟೆಯಿಂದ ಹೊರಟು ಬಿಸಿಲೇರುವ ಮೊದಲು ಹಿಂತಿರುಗಬೇಕು. ಯಾವ ದಿಕ್ಕು ಒಳ್ಳೆಯದು?

ಹೊಸಬರಿಗೆ ಉತ್ತರವೇ ಒಳ್ಳೆಯದು. ಕುಂಬಳೆಯಿಂದ ಒಳಗೆ ನಾಯ್ಕಾಪು, ಅನಂತಪುರ, ಸೀತಾಂಗೋಳಿ ಕಡೆಯ ಪದವುಗಳು ವಿಶಾಲವಾಗಿ ತೆರೆದಿದ್ದು, ದಾರಿ ತಪ್ಪಿದರೂ ಯಾವುದಾದರೊಂದು ರಸ್ತೆ ಬೇಗ ಸಿಗುತ್ತದೆ. ಪೇಟೆಯಿಂದ ಅಲ್ಲಿಗೆ ತಲಪುವುದೂ ಕಷ್ಟವಲ್ಲ. ಚಂದ್ರಗಿರಿಯ ದಕ್ಷಿಣಕ್ಕೆ ಚಟ್ಟಂಚಾಲ್, ಪೆರಿಯ ಕಡೆಯ ಮೇಲ್ಮೈಯೂ ಇದೇ ಬಗೆಯದು, ಆದರೆ ಹೊಳೆಯ ಕಡೆಗಿನ ಇಳಿತಗಳು ಇನ್ನಷ್ಟು ಕಡಿದು. ಪೂರ್ವಕ್ಕೆ ಚೆರ್ಕಳ ದಾಟಿ ಬೋವಿಕ್ಕಾನ, ಇರಿಯಣ್ಣಿ ಎಂದು ಹೋದ ಹಾಗೆ ದಾರಿಗಳು ಸುಂದರವಾಗುತ್ತವೆ. ಜೊತೆಗೆ ಮೀಸಲು ಅರಣ್ಯವೂ ಆನೆಯ ಓಡಾಟವೂ ಆರಂಭವಾಗುತ್ತದೆ. ನಂದಾರಪದವಿನಿಂದ ಹೊರಡುವ ಮಲೆನಾಡು ಹೆದ್ದಾರಿಯನ್ನು ಬೆನ್ನೆಲುಬಾಗಿಟ್ಟುಕೊಂಡು ಅದರ ಎಡಬಲದ ಕವಲುಗಳನ್ನು ಒಂದೊಂದಾಗಿ ನೋಡುವುದು ಬಾಯಾರು, ಪೈವಳಿಕೆ ಕಡೆಯವರಿಗೆ ಅನುಕೂಲದ ಕ್ರಮ. ಯಾವ ದಿಕ್ಕಿಗೆ ಹೋದರೂ ಮಾರ್ಚಿನಿಂದ ಮೇವರೆಗೆ ಬೆಳಗ್ಗೆ ಒಂಬತ್ತರೊಳಗೆ ನೆರಳು ಸೇರಬೇಕು, ಏಕೆಂದರೆ ಪಾರೆಯ ಮೇಲೆ ಮರವಿಲ್ಲ, ಕರಾವಳಿಯ ಸೆಕೆಯಲ್ಲಿ ಬೆವರು ಆರುವುದೂ ಇಲ್ಲ.

ಊರಿನವರ ಹತ್ತಿರ ಕೇಳಿದರೆ ಎಲ್ಲರೂ ಡಾಮರು ರಸ್ತೆಯನ್ನೇ ತೋರಿಸುತ್ತಾರೆ. ಹೇಗೆ ಕೇಳಬೇಕು?

ಸೈಕಲಿನಲ್ಲಿ ಬಂದವನಿಗೆ ಒಳ್ಳೆಯ ರಸ್ತೆ ತೋರಿಸುವುದು ಮರ್ಯಾದೆ ಎಂದು ಅವರು ತಿಳಿದಿರುತ್ತಾರೆ. ಆದ್ದರಿಂದ ಪ್ರಶ್ನೆಯನ್ನೇ ಬದಲಿಸಬೇಕು. “ಈ ರಸ್ತೆ ಆಗುವ ಮೊದಲು ನೀವು ಶಾಲೆಗೆ ಯಾವ ದಾರಿಯಲ್ಲಿ ಹೋಗುತ್ತಿದ್ದಿರಿ?”, “ಜಾತ್ರೆಗೆ ಗುಡ್ಡೆ ಹತ್ತಿ ಹೋಗುವ ಒಳದಾರಿ ಈಗಲೂ ಇದೆಯೇ?”, “ಹಾಲಿನ ಸೊಸೈಟಿಗೆ ನಡೆದುಕೊಂಡು ಬರುವವರು ಎಲ್ಲಿ ಇಳಿಯುತ್ತಾರೆ?” ಎಂದು ಕೇಳಿದರೆ ಮಾತು ತಾನಾಗಿಯೇ ಬೆಳೆಯುತ್ತದೆ. ಅರುವತ್ತು ದಾಟಿದವರು ಬಾಲ್ಯದಲ್ಲಿ ಮೈಲುಗಟ್ಟಲೆ ನಡೆದು ಶಾಲೆಗೆ ಹೋದವರು. ಯಾವ ಸಂಕ (ಕಿರುಸೇತುವೆ) ದಾಟಿ, ಯಾವ ತಡಮೆ (ಬೇಲಿ ದಾಟುವ ಮೆಟ್ಟಿಲು) ಹತ್ತಿ, ಯಾರ ಮನೆಯ ಅಂಗಳದ ಪಕ್ಕದಿಂದ ಹೋಗಬೇಕೆಂದು ಅವರು ಹೇಳುವಷ್ಟು ಖಚಿತವಾಗಿ ಯಾವ ನಕ್ಷೆಯೂ ಹೇಳದು. ಅಂಚೆಯವರು, ಅಡಿಕೆ ಕೊಯ್ಯುವವರು, ಆಶಾ ಕಾರ್ಯಕರ್ತೆಯರು ಈಗಿನ ಸ್ಥಿತಿಯನ್ನೂ ಬಲ್ಲವರು.

ಭಾಷೆಯ ವಿಷಯವೂ ಇದೆ. ನಮ್ಮಲ್ಲಿ ಒಂದು ಗುಡ್ಡೆಯ ಈಚೆ ತುಳು, ಆಚೆ ಮಲಯಾಳ, ತೋಟದೊಳಗೆ ಹವ್ಯಕ ಕನ್ನಡ ಅಥವಾ ಮರಾಠಿ ಇರುವುದು ಸಾಧಾರಣ ಸಂಗತಿ. ಎದುರಿನವರ ಮಾತಿನಲ್ಲಿ ಒಂದು “ಅಣ್ಣ”, “ಏಟ್ಟಾ”, “ಇಚ್ಚಾ” ಎಂದು ಕರೆದು, ಸೈಕಲಿನಿಂದ ಇಳಿದು, ಹೆಲ್ಮೆಟ್ ತೆಗೆದು ಮಾತನಾಡಿಸಿದರೆ ಮುಂದಿನದು ಸುಲಭ. ಚಾಯದ ಅಂಗಡಿಯಲ್ಲಿ ಹತ್ತು ನಿಮಿಷ ಕುಳಿತರೆ ಇನ್ನೂ ಸುಲಭ.

## ಜಾಗ ಯಾರದು?

ಗೇರುತೋಟ, ರಬ್ಬರ್ ತೋಟದೊಳಗೆ ಒಳ್ಳೆಯ ದಾರಿಗಳಿವೆ. ಹೋಗಬಹುದೇ?

ಕೇಳಿದ ಮೇಲೆ ಹೋಗಬಹುದು. ಪೆರಿಯ, ಚೀಮೇನಿ, ಮುಳಿಯಾರು ಮೊದಲಾದ ಕಡೆಯ ದೊಡ್ಡ ಗೇರುತೋಟಗಳು ಕೇರಳ ತೋಟಗಾರಿಕಾ ನಿಗಮದ್ದಾದ್ದರಿಂದ ಆಯಾ ಎಸ್ಟೇಟಿನ ಕಚೇರಿಯಲ್ಲಿ ಒಪ್ಪಿಗೆ ಪಡೆಯಬೇಕು. ಒಪ್ಪಿಗೆಯಿದ್ದರೂ ಗೇರುಬೀಜದ ಕಾಲವಾದ ಫೆಬ್ರವರಿಯಿಂದ ಮೇವರೆಗೆ ದೂರವಿರುವುದು ಲೇಸು. ಬಿದ್ದ ಬೀಜ ಹೆಕ್ಕುವ ಹೊತ್ತಿನಲ್ಲಿ ಫಸಲನ್ನು ಏಲಂನಲ್ಲಿ ಹಿಡಿದವರಿಗೆ ಚೀಲ ಬೆನ್ನಿಗೇರಿಸಿದ ಅಪರಿಚಿತರನ್ನು ಕಂಡರೆ ಸಂಶಯ ಬರುವುದು ಸಹಜ. ಇದೇ ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸಿಂಪಡಿಸುತ್ತಿದ್ದದ್ದು 2000ದ ಕೊನೆಯವರೆಗೂ ನಡೆದಿತ್ತು. ಅದರ ನೋವು ಇನ್ನೂ ಉಳಿದಿರುವ ಮನೆಗಳು ತೋಟದ ಅಂಚಿನಲ್ಲೇ ಇರುವುದರಿಂದ ಅಲ್ಲಿ ಕ್ಯಾಮರಾ ಹಿಡಿದು ಕೇಕೆ ಹಾಕುತ್ತ ಇಳಿಯುವುದು ಸಭ್ಯತೆಯಲ್ಲ.

ರಬ್ಬರ್ ತೋಟದ ವಿಚಾರ ಬೇರೆ. ಇಳಿಜಾರಿಗೆ ಅಡ್ಡವಾಗಿ ಕಡಿದ ತಟ್ಟುಗಳು ಸೈಕಲಿಗೆಂದೇ ಮಾಡಿದಂತೆ ಕಾಣುತ್ತವೆ, ಆದರೆ ನೆಲ ಮುಚ್ಚುವ ಬಳ್ಳಿಯ ಕೆಳಗೆ ನೀರಿಂಗಿಸುವ ಗುಂಡಿಗಳು ಅಡಗಿರುತ್ತವೆ. ಟ್ಯಾಪಿಂಗ್ ನಡೆಯುವುದು ಮುಂಜಾನೆ. ಆ ಹೊತ್ತಿನಲ್ಲಿ ಕೆಲಸದವರಿಗೆ ಅಡ್ಡಿಯಾಗಬಾರದು.

ನಾಗಬನದ ಪಕ್ಕದ ದಾರಿಯಲ್ಲಿ ಸೈಕಲಿನಲ್ಲಿ ಹೋದರೆ ತಪ್ಪೇ?

ಬನದ ಹೊರಗಿನ ದಾರಿಯಲ್ಲಿ ಇಳಿದು ತಳ್ಳಿಕೊಂಡು ಹೋದರೆ ಯಾರೂ ಬೇಡವೆನ್ನುವುದಿಲ್ಲ. ಬನ, ಕಾವು, ದೈವಸ್ಥಾನದ ಅಂಗಳಗಳ ಒಳಗೆ ಸೈಕಲು ಒಯ್ಯಬಾರದು. ನೇಮ, ಕಳಿಯಾಟದಂಥ ದೈವಾರಾಧನೆಯ ದಿನಗಳಲ್ಲಿ ಆ ದಾರಿಯನ್ನೇ ಬಿಡಬೇಕು.

ಕಾಡಿನ ಗಡಿ ಎಲ್ಲಿಂದ ಎಂದು ಗೊತ್ತಾಗುವುದು ಹೇಗೆ? ರಾಣಿಪುರಕ್ಕೆ ಸೈಕಲ್ ಒಯ್ಯಬಹುದೇ?

ಗಡಿಯಲ್ಲಿ ಕಲ್ಲು ಪೇರಿಸಿ ಕಟ್ಟಿದ ಜಂಡಗಳು ಅಥವಾ ಇಲಾಖೆಯ ಫಲಕಗಳು ಇರುತ್ತವೆ. ಅನುಮತಿಯಿಲ್ಲದೆ ಮೀಸಲು ಅರಣ್ಯ ಹೊಗುವುದು 1961ರ ಕೇರಳ ಅರಣ್ಯ ಕಾಯ್ದೆಯ ಪ್ರಕಾರ ಅಪರಾಧ. ಸಂಶಯವಿದ್ದರೆ ಹತ್ತಿರದ ಅರಣ್ಯ ಕಚೇರಿಯಲ್ಲಿ ನಕ್ಷೆ ತೋರಿಸಿ ಕೇಳಬೇಕು. ರಾಣಿಪುರದ ಹುಲ್ಲುಗಾವಲಿನ ದಾರಿ ಅರಣ್ಯ ಇಲಾಖೆ ನಿರ್ವಹಿಸುವ ಚಾರಣದ ದಾರಿ. ಅದನ್ನು ನಡೆಯುವವರಿಗೇ ಬಿಡಿ. ಕೆಳಗಿನಿಂದ ರಾಣಿಪುರದವರೆಗೆ ಏರುವ ರಸ್ತೆಯೇ ಸೈಕಲಿಗೆ ಸಾಕಷ್ಟು ದೊಡ್ಡ ಸವಾಲು.

## ನೆಲ, ಮಳೆ ಮತ್ತು ಅಪಾಯಗಳು

ಮಳೆಗಾಲದಲ್ಲಿ ಪೂರ್ತಿ ನಿಲ್ಲಿಸಬೇಕೇ?

ವರ್ಷಕ್ಕೆ ಸುಮಾರು 3500 ಮಿ.ಮೀ. ಮಳೆ ಬೀಳುವ, ಅದರ ಹೆಚ್ಚಿನ ಪಾಲು ಜೂನ್‌ನಿಂದ ಸೆಪ್ಟೆಂಬರಿನೊಳಗೆ ಸುರಿಯುವ ಊರಿನಲ್ಲಿ ಈ ಪ್ರಶ್ನೆಗೆ ನೆಲವನ್ನು ನೋಡಿಯೇ ಉತ್ತರಿಸಬೇಕು. ಮೇಲಿನ ಗಟ್ಟಿ ಕೆಂಪುಕಲ್ಲು ನೀರನ್ನು ಬೇಗ ಬಸಿಯುತ್ತದೆ, ಒಣಗಿದಾಗ ಟಯರಿಗೆ ಒಳ್ಳೆಯ ಹಿಡಿತ ಕೊಡುತ್ತದೆ. ಅದೇ ಕಲ್ಲು ಜುಲೈಯಲ್ಲಿ ಪಾಚಿಗಟ್ಟಿದರೆ ಬ್ರೇಕು ಹಿಡಿದರೂ ಹಿಡಿಯದಿದ್ದರೂ ಸೈಕಲು ಜಾರುತ್ತದೆ. ನಿಜವಾದ ತೊಂದರೆ ಇರುವುದು ಆ ಕಲ್ಲಿನ ಹೊದಿಕೆಯ ಅಡಿಯಲ್ಲಿ. ಅಲ್ಲಿ ಬಿಳಿ, ಹಳದಿ, ಗುಲಾಬಿ ಬಣ್ಣದ ಶೇಡಿ ಮಣ್ಣು ಇರುತ್ತದೆ. ಒಣಗಿದಾಗ ಗಟ್ಟಿಯಾಗಿ ನಿಲ್ಲುವ ಇದು ನೆನೆದರೆ ಶಕ್ತಿ ಕಳೆದುಕೊಂಡು ಕೊಚ್ಚಿಹೋಗುತ್ತದೆ. ಗುಡ್ಡೆಯನ್ನು ಕಡಿದು ಈ ಪದರವನ್ನು ಬಯಲು ಮಾಡಿದ ಕಡೆ ಮಳೆಗಾಲದಲ್ಲಿ ಕುಸಿತದ ಭಯ ಯಾವಾಗಲೂ ಇದೆ. 2025ರ ಜುಲೈಯಲ್ಲಿ ಚೆರುವತ್ತೂರಿನ ವೀರಮಲೆ ಗುಡ್ಡ ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಕುಸಿದದ್ದನ್ನು ಜಿಲ್ಲೆಯವರು ಮರೆತಿರಲಾರರು. ದಾರಿಯಲ್ಲಿ ಶೇಡಿಯ ಬಣ್ಣ ಕಂಡರೆ ಮಳೆಗಾಲ ಮುಗಿಯುವವರೆಗೆ ಆ ದಾರಿಯನ್ನು ಬಿಟ್ಟುಬಿಡುವುದು ಕ್ಷೇಮ.

ಇನ್ನೊಂದು ಕಾರಣವೂ ಉಂಟು. ಓಣಂ ಹೊತ್ತಿಗೆ ಪಾರೆಯ ತೆಳು ಮಣ್ಣಿನಲ್ಲಿ ಅರಳುವ ನೀಲಿ ಕಾಕ್ಕಪ್ಪೂವಿನಂಥ ಗಿಡಗಳು ಬೆರಳೆತ್ತರದವು, ಮಳೆಗಾಲಕ್ಕಷ್ಟೇ ಬದುಕುವಂಥವು. ಒಂದು ಟಯರಿನ ಗೆರೆ ಅವುಗಳ ಆ ವರ್ಷದ ಬೀಜವನ್ನೇ ಅಳಿಸಬಲ್ಲದು. ಬರಿ ಕಲ್ಲಿನ ಮೇಲೆ ಮಾತ್ರ ಸಾಗಿ, ಹಸಿರನ್ನು ಬಳಸಿ ಹೋಗಬೇಕು. ಕೆಸರುನೀರು ದಾಟಿದ್ದರೆ, ಕಾಲಿನಲ್ಲಿ ಗಾಯವಿದ್ದರೆ, ಮನೆಗೆ ಬಂದ ಕೂಡಲೇ ಸೋಪಿನಿಂದ ತೊಳೆಯಬೇಕು. ಆಮೇಲೆ ಜ್ವರ ಬಂದರೆ ಕೆಸರುನೀರಿನ ವಿಷಯವನ್ನು ವೈದ್ಯರಿಗೆ ಹೇಳಬೇಕು. ಇಲಿಜ್ವರ ಹರಡುವುದು ಆ ದಾರಿಯಲ್ಲೇ.

ಗುಡ್ಡೆಯ ಮೇಲೆ ಎಲ್ಲಕ್ಕಿಂತ ದೊಡ್ಡ ಅಪಾಯ ಯಾವುದು? ಹಾವೇ?

ಕೈಬಿಟ್ಟ ಕೆಂಪುಕಲ್ಲಿನ ಕೋರೆಗಳು. ಕಲ್ಲನ್ನು ಕೊಯ್ದು ತೆಗೆದ ಕಡೆ ಗೋಡೆಗಳು ಲಂಬವಾಗಿರುತ್ತವೆ, ಅಂಚಿಗೆ ಬೇಲಿಯಿರುವುದಿಲ್ಲ, ಅಕ್ಟೋಬರಿನಲ್ಲಿ ಆಳೆತ್ತರದ ಮುಳಿಹುಲ್ಲು ಅಂಚನ್ನು ಪೂರ್ತಿ ಮುಚ್ಚಿರುತ್ತದೆ, ಒಳಗೆ ಮಳೆಯ ನೀರು ನಿಂತಿರುತ್ತದೆ. ಲಾರಿ ಹೋಗುತ್ತಿದ್ದ ಅಗಲದ ದಾರಿ ಹುಲ್ಲಿನಲ್ಲಿ ಹಠಾತ್ತನೆ ಮುಗಿದಂತೆ ಕಂಡರೆ ಅದು ಕೋರೆಗೇ ಹೋಗುವ ದಾರಿ ಎಂದು ತಿಳಿದು ಅಲ್ಲೇ ಇಳಿಯಬೇಕು. ಕಟ್ಟೆಯಿಲ್ಲದ ಹಳೆಯ ಬಾವಿಗಳು, ಸುರಂಗಗಳ (ನೀರಿಗಾಗಿ ಗುಡ್ಡೆಗೆ ಅಡ್ಡಲಾಗಿ ಕೊರೆದ ಬಿಲಗಳ) ಗಾಳಿಗುಂಡಿಗಳು, ಸುರಂಗದ ನೀರನ್ನು ತೋಟಕ್ಕೊಯ್ಯಲು ದಾರಿಗೆ ಅಡ್ಡವಾಗಿ ಎಳೆದ ಕಪ್ಪು ಪೈಪುಗಳು ಇದೇ ಸಾಲಿನವು. ಪೈಪನ್ನು ಹಾರಿಸಿಕೊಂಡು ಹೋಗುವ ಚಪಲ ಬೇಡ. ಅದು ಒಡೆದರೆ ಒಂದು ಮನೆಯ ಕುಡಿಯುವ ನೀರೇ ನಿಲ್ಲುತ್ತದೆ.

ಹಾವಿನ ಕಡಿತ ಅಪರೂಪ, ಆದರೆ ಕಚ್ಚಿದರೆ ಬಿಗಿಯಾಗಿ ಕಟ್ಟುವುದು, ಕೊಯ್ಯುವುದು ಯಾವುದನ್ನೂ ಮಾಡದೆ, ಕಡಿದ ಭಾಗವನ್ನು ಅಲುಗಾಡಿಸದೆ ಆಸ್ಪತ್ರೆಗೆ ಸಾಗಿಸಬೇಕು. ಕಾಸರಗೋಡಿನಲ್ಲಿ ಜನರಲ್ ಆಸ್ಪತ್ರೆಯೂ ಕಾಞಂಗಾಡಿನಲ್ಲಿ ಜಿಲ್ಲಾ ಆಸ್ಪತ್ರೆಯೂ ಇವೆ, ಆಂಬುಲೆನ್ಸಿಗೆ 108. ನಾಯಿ ಅಟ್ಟಿಸಿಕೊಂಡು ಬಂದರೆ ಇಳಿದು ಸೈಕಲನ್ನು ನಡುವೆ ಇಟ್ಟುಕೊಂಡು ನಿಲ್ಲಿ, ಹೆಚ್ಚಿನವು ಅಲ್ಲಿಗೆ ಸುಮ್ಮನಾಗುತ್ತವೆ. ಕಚ್ಚಿದರೆ ಅಥವಾ ಪರಚಿದರೆ ಸೋಪು ಹಾಕಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು, ಅದೇ ದಿನ ಲಸಿಕೆಗೆ ಹೋಗಬೇಕು.

ಮುಳಿಯಾರು, ಕಾರಡ್ಕ, ದೇಲಂಪಾಡಿ ಕಡೆ ಆನೆ ಇಳಿಯುತ್ತದಲ್ಲ, ಅಲ್ಲಿ ಹೇಗೆ?

ಅಲ್ಲಿ ಬೆಳಗ್ಗೆ ಚೆನ್ನಾಗಿ ಬೆಳಕಾದ ಮೇಲೆ ಹೊರಟು, ಸಂಜೆಗೆ ಬಹಳ ಮೊದಲೇ ರಸ್ತೆಗೆ ಸೇರಬೇಕು. ಸೈಕಲಿನ ಸದ್ದು ಕಡಿಮೆ. ಬಿದಿರು ಮೆಳೆಯ ತಿರುವಿನಲ್ಲಿ ಆನೆಗೂ ನಿಮಗೂ ಪರಸ್ಪರ ಗೊತ್ತಾಗುವ ಹೊತ್ತಿಗೆ ಅಂತರ ಉಳಿದಿರುವುದಿಲ್ಲ. ತಿರುವುಗಳಲ್ಲಿ ಮಾತನಾಡುತ್ತ, ಬೆಲ್ಲು ಹೊಡೆಯುತ್ತ ಸಾಗಿ. ಹಸಿ ಲದ್ದಿ, ಆಗತಾನೆ ಮುರಿದ ಬಾಳೆ ಅಥವಾ ಈಂದಿನ ಮರ ಕಂಡರೆ ಹಿಂತಿರುಗಿ. ಹಿಂದಿನ ರಾತ್ರಿ ಆನೆ ಎಲ್ಲಿತ್ತೆಂಬ ಸುದ್ದಿ ಆ ಊರಿನ ಮೊದಲ ಅಂಗಡಿಯಲ್ಲೇ ಸಿಗುತ್ತದೆ, ಕೇಳದೆ ಮುಂದೆ ಹೋಗಬಾರದು. ಕಾಡುಹಂದಿಗೆ ಇಟ್ಟ ಉರುಳುಗಳೂ ಸಿಡಿಮದ್ದೂ ಕಾನೂನುಬಾಹಿರವಾದರೂ ಇಲ್ಲವೆನ್ನುವಂತಿಲ್ಲ. ಸವೆದ ದಾರಿ ಬಿಟ್ಟು ಪೊದೆಗೆ ನುಗ್ಗಬಾರದೆಂಬುದಕ್ಕೆ ಇದೊಂದು ಸಾಕು.

## ಮುಂದುವರಿದವರಿಗೆ

ಅಲ್ಲಲ್ಲಿ ಚಿಕ್ಕ ಚಿಕ್ಕ ತುಂಡು ದಾರಿಗಳು ಸಿಕ್ಕಿವೆ. ಅವನ್ನು ಸೇರಿಸಿ ಒಂದು ಸುತ್ತು ಮಾಡುವುದು ಹೇಗೆ?

ಏರಲು ಮಣ್ಣಿನ ರಸ್ತೆ ಅಥವಾ ಕಾಂಕ್ರೀಟ್ ರಸ್ತೆ, ಇಳಿಯಲು ಕಾಲುದಾರಿ, ಇದು ಮೊದಲ ಸೂತ್ರ. ಪದವಿನ ಮೇಲೆ ತುಂಡುಗಳನ್ನು ಸೇರಿಸುವುದು ಕಷ್ಟವಲ್ಲ. ಕಷ್ಟವಿರುವುದು ಬೈಲು ದಾಟುವಲ್ಲಿ. ತೋಡಿಗೆ ಸಂಕ ಎಲ್ಲೆಲ್ಲಿದೆ ಎಂದು ಮೊದಲು ಗುರುತಿಸಿ, ಆಮೇಲೆ ಅದರ ಎರಡೂ ಬದಿಗೆ ದಾರಿ ಹುಡುಕಿದರೆ ಕೆಲಸ ಹಗುರಾಗುತ್ತದೆ. ಅಡಿಕೆ ಮರದ ಸಂಕದ ಮೇಲೆ ಸೈಕಲನ್ನು ಹೊತ್ತೇ ದಾಟಬೇಕು. ಏತಡ್ಕದಂಥ ಊರುಗಳಲ್ಲಿ ಮಳೆ ಮುಗಿದ ಮೇಲೆ ತೋಡಿಗೆ ಕಲ್ಲು, ಮಣ್ಣು ಹಾಕಿ ನೀರು ನಿಲ್ಲಿಸುವ ಕಟ್ಟಗಳಿವೆ; ಅವು ಸೇತುವೆಗಳಲ್ಲ, ಅವುಗಳ ಮೇಲೆ ಟಯರು ಹತ್ತಿಸಿದರೆ ಊರಿನವರ ಶ್ರಮದಾನ ನೀರುಪಾಲಾದೀತು. ಗದ್ದೆಯಲ್ಲಿ ಪೈರಿದ್ದಾಗ ಕಟ್ಟಹುಣಿಯ (ಗದ್ದೆಯ ಬದುವಿನ) ಮೇಲೆ ತಳ್ಳಿಕೊಂಡೇ ಹೋಗಬೇಕು. ಒಂದು ಸುತ್ತನ್ನು ಎರಡೂ ದಿಕ್ಕಿನಿಂದ ಸವಾರಿ ಮಾಡಿ ನೋಡುವುದು ಉಪಯುಕ್ತ: ಒಂದು ಕಡೆಯಿಂದ ನೀರಸವಾಗಿ ಕಂಡ ದಾರಿ ಇನ್ನೊಂದು ಕಡೆಯಿಂದ ಚೆನ್ನಾಗಿರುವುದುಂಟು.

ಜಾಗದ ಯಜಮಾನರು ಒಪ್ಪಿದ್ದಾರೆ, ನಾವೇ ಹೊಸದಾಗಿ ಒಂದು ದಾರಿ ಕಡಿಯುತ್ತೇವೆ. ಇಳಿಜಾರು ಎಷ್ಟಿರಬೇಕು?

1988ರಲ್ಲಿ ಸ್ಥಾಪನೆಯಾದ ಅಂತಾರಾಷ್ಟ್ರೀಯ ಮೌಂಟನ್ ಬೈಸಿಕಲ್ ಸಂಘ ಬಳಸುವ ಎರಡು ನಿಯಮಗಳು ಇಲ್ಲಿಗೂ ಹೊಂದುತ್ತವೆ. ದಾರಿಯ ಏರು ಅದು ಹಾಯುವ ಗುಡ್ಡದ ಇಳಿಜಾರಿನ ಅರ್ಧವನ್ನು ಮೀರಬಾರದು. ಒಟ್ಟು ದಾರಿಯ ಸರಾಸರಿ ಏರು ನೂರಕ್ಕೆ 10ರೊಳಗಿರಬೇಕು. ಗುಡ್ಡದ ಇಳಿಜಾರು ನೂರಕ್ಕೆ 12 ಇದ್ದರೆ ದಾರಿ 6ನ್ನು ದಾಟುವಂತಿಲ್ಲ. ದಾಟಿದರೆ ನೀರು ದಾರಿಯನ್ನು ಅಡ್ಡ ಹಾಯುವ ಬದಲು ದಾರಿಯನ್ನೇ ತೋಡು ಮಾಡಿಕೊಂಡು ಇಳಿಯುತ್ತದೆ. ದಾರಿಯ ಹೊರ ಅಂಚನ್ನು ಒಳ ಅಂಚಿಗಿಂತ ತುಸು ತಗ್ಗಿಸಿ, ಅಲ್ಲಲ್ಲಿ ಇಳಿಯುವ ದಾರಿಯನ್ನು ಸ್ವಲ್ಪ ಏರಿಸಿ ನೀರು ಹೊರಬೀಳುವಂತೆ ಮಾಡಬೇಕು.

ಈ ನಿಯಮಗಳು ನಮ್ಮ ಮಳೆಯನ್ನು ನೋಡಿ ಬರೆದವುಗಳಲ್ಲವಾದ್ದರಿಂದ ಅವುಗಳಿಗಿಂತ ಇನ್ನೂ ಮೆತ್ತಗಿನ ಏರನ್ನೇ ಇಟ್ಟುಕೊಳ್ಳಿ ಎಂಬುದು ನನ್ನ ಸಲಹೆ. ಕೆಂಪುಕಲ್ಲಿನ ಹೊದಿಕೆಯನ್ನು ಪಿಕ್ಕಾಸಿನಿಂದ ಒಡೆದು ಶೇಡಿ ಕಾಣುವವರೆಗೆ ಅಗೆಯುವುದಂತೂ ಸರ್ವಥಾ ಕೂಡದು. ದಾರಿಯನ್ನು ಸೆಪ್ಟೆಂಬರಿನಲ್ಲಿ ಗುರುತು ಹಾಕಿ, ಒಂದು ಇಡೀ ಮಳೆಗಾಲ ನೀರು ಎಲ್ಲಿ ಹರಿಯುತ್ತದೆಂದು ನೋಡಿ, ಆಮೇಲೆ ಹಾರೆ ಹಿಡಿಯುವವರಿದ್ದರೆ ಅವರ ದಾರಿ ಉಳಿಯುತ್ತದೆ. ಪಾರೆಯ ಮೇಲೆ ಬೇಸಗೆಯಲ್ಲಿ ಟಿಟ್ಟಿಭ ಹಕ್ಕಿಗಳು ಬರಿ ನೆಲದಲ್ಲೇ ಮೊಟ್ಟೆ ಇಡುತ್ತವೆ. ತಲೆಯ ಮೇಲೆ ಹಾರಾಡುತ್ತ ಕಿರುಚಿದರೆ ಅಲ್ಲಿಂದ ದೂರ ಸರಿಯಬೇಕು.

ನಾನು ಕಂಡುಹಿಡಿದ ದಾರಿಯನ್ನು ಸ್ಟ್ರಾವಾದಲ್ಲೋ ಓಪನ್‌ಸ್ಟ್ರೀಟ್‌ಮ್ಯಾಪಿನಲ್ಲೋ ಹಾಕಬಹುದೇ?

ಪಂಚಾಯತು ರಸ್ತೆ, ಎಲ್ಲರೂ ನಡೆಯುವ ಕಾಲುದಾರಿಗಳನ್ನು ಹಾಕಬಹುದು, ಹಾಕಬೇಕು ಕೂಡ. ಹಾಗೆ ದಾಖಲಾದ ದಾರಿಯನ್ನು ಮುಂದೆ ಯಾರಾದರೂ ಮುಚ್ಚ ಹೊರಟಾಗ ಅದು ಇತ್ತೆಂದು ತೋರಿಸಲಾದರೂ ಬರುತ್ತದೆ. ಯಜಮಾನರು ಬಾಯಿಮಾತಿನಲ್ಲಿ ನಿಮಗೊಬ್ಬರಿಗೆ ಕೊಟ್ಟ ಒಪ್ಪಿಗೆ ಊರಿಗೆಲ್ಲ ಕೊಟ್ಟ ಒಪ್ಪಿಗೆಯಲ್ಲ, ಆದ್ದರಿಂದ ಅಂಥ ತುಂಡನ್ನು ನಕ್ಷೆಗೆ ಸೇರಿಸುವ ಮೊದಲು ಅವರನ್ನು ಮತ್ತೊಮ್ಮೆ ಕೇಳಬೇಕು. ಒಪ್ಪಿದರೆ ಓಪನ್‌ಸ್ಟ್ರೀಟ್‌ಮ್ಯಾಪಿನಲ್ಲಿ ಅದನ್ನು ಯಜಮಾನರ ಒಪ್ಪಿಗೆಯಿಂದ ಬಳಸುವ ಖಾಸಗಿ ದಾರಿ ಎಂದು ಗುರುತಿಸುವ ವ್ಯವಸ್ಥೆ ಇದೆ. ಒಪ್ಪದಿದ್ದರೆ ಸ್ಟ್ರಾವಾದಲ್ಲಿ ಆ ದಿನದ ಸವಾರಿಯನ್ನು ಖಾಸಗಿಯಾಗಿ ಇಟ್ಟುಕೊಳ್ಳಿ, ಇಳಿತದ ಮೇಲೆ ವೇಗದ ಸ್ಪರ್ಧೆಗೆಂದು ಸೆಗ್ಮೆಂಟ್ (ಸವಾರರ ಸಮಯ ಹೋಲಿಸುವ ದಾರಿಯ ತುಂಡು) ಮಾಡಬೇಡಿ. ಶಾಲೆ ಬಿಡುವ ಹೊತ್ತಿನಲ್ಲಿ ಮಕ್ಕಳು ಬರುವ ಓಣಿಗಳಿಗೆ, ಒಪ್ಪಿಗೆಯಿದ್ದರೂ ಸರಿಯೇ, ಸೆಗ್ಮೆಂಟ್ ಬೇಡ.